ಮಲೆನಾಡಿನ ಮನೆಗಳೂ ಶುಶ್ರೂಷೆಯ ಏಜೆನ್ಸಿಗಳೂ

ಸಾಗರದಿಂದ ವರದಹಳ್ಳಿಗೆ ಹೋಗುವ ಹಾದಿಯಲ್ಲಿ, ಕಣಿವೆಗಳನ್ನು ತುಂಬಿರುವ ಅಡಿಕೆ ತೋಟಗಳನ್ನೂ ತೋಟದ ತಲೆಯಲ್ಲಿ ಗುಡ್ಡಕ್ಕೆ ಆತು ನಿಂತಿರುವ ಹೆಂಚಿನ ಮನೆಗಳನ್ನೂ ಕಾಣುತ್ತ ಶ್ರೀಧರಾಶ್ರಮದ ಕಡೆಗೆ ಸಾಗುವ ಯಾತ್ರಿಕನಿಗೆ, ಇಲ್ಲಿಯ ಬದುಕು ಸುಭಿಕ್ಷವಾದದ್ದು, ನಿಶ್ಚಿಂತವಾದದ್ದು ಎಂದು ತೋರಿದರೆ ಅದು ಸಹಜವೇ ಸರಿ. ಅಡಿಕೆಗೆ ಬೆಲೆಯಿರುವ ಕಾಲದಲ್ಲಿ ಸುಭಿಕ್ಷವೆಂಬ ಮಾತು ಬಹುಮಟ್ಟಿಗೆ ನಿಜವೂ ಹೌದು. ಆದರೆ ನಿಶ್ಚಿಂತೆ ಆ ಮನೆಗಳ ಒಳಗೆ ಈಗ ಉಳಿದಿಲ್ಲ. ಎಂಟು ಹತ್ತು ಮಂದಿಯ ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಎಷ್ಟೋ ಕಡೆ ಒಬ್ಬರೇ, ವಾಸವಾಗಿರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆನಿಂತು, ರಾತ್ರಿ ಊಟದ ಹೊತ್ತಿಗೆ ದೂರವಾಣಿಯಲ್ಲಿ ಯೋಗಕ್ಷೇಮ ವಿಚಾರಿಸುತ್ತಾರೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಹತ್ತು ಕೋಟಿಯ ಮೇಲಿತ್ತು. ಆ ಹತ್ತು ಕೋಟಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪಾಲು ಸಣ್ಣದಾದರೂ, ತಂದೆಗೆ ಪಾರ್ಶ್ವವಾಯು ಬಡಿದ ದಿನ, ಇಲ್ಲವೆ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ದಿನ, ಆ ಮನೆಯ ಮಟ್ಟಿಗೆ ಪ್ರಶ್ನೆ ಒಂದೇ: ಇವರ ಬಳಿ ಇನ್ನು ಯಾರಿರತಕ್ಕದ್ದು?

ಈ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಮಲೆನಾಡು ಕಂಡುಕೊಂಡಿರುವ ಉತ್ತರ ಹೋಂ ನರ್ಸ್. ಆಕೆಯನ್ನು ಕಳುಹಿಸಿಕೊಡುವ ಏಜೆನ್ಸಿಯೆಂಬ ಹೊಸ ವ್ಯಾಪಾರವೂ ಅದರೊಡನೆಯೇ ಹುಟ್ಟಿಕೊಂಡಿದೆ. ಆಸ್ಪತ್ರೆಯ ನೌಕರಿಯಿಂದ ನಿವೃತ್ತರಾದ ದಾದಿಯರು, ವಿದೇಶದಲ್ಲಿ ದುಡಿದು ಊರಿಗೆ ಮರಳಿದವರು, ಬೇರೆ ಉದ್ಯೋಗ ಕಾಣದ ವಿದ್ಯಾವಂತ ತರುಣರು, ನಾವೂ ಒಂದು ಏಜೆನ್ಸಿ ಮಾಡಿದರೆ ಹೇಗೆ ಎಂದು ಕೇಳುವುದು ಈಗ ಅಪರೂಪವಲ್ಲ. ಒಂದು ಕೊಠಡಿ, ಒಂದು ದೂರವಾಣಿ, ಒಂದು ರಶೀದಿ ಪುಸ್ತಕ ಇದ್ದರೆ ಸಾಕು ಎಂಬ ಭಾವನೆ ಹಲವರಲ್ಲಿದೆ. ಈ ಉದ್ಯಮದ ಸ್ವರೂಪವೇನು, ಅದರ ಹೊಣೆಗಳೇನು, ನಮ್ಮ ಪ್ರದೇಶಕ್ಕೆ ಯಾವ ರೀತಿಯ ಸಂಸ್ಥೆ ಒಪ್ಪುತ್ತದೆ ಎಂಬುದನ್ನು ಒಟ್ಟಾಗಿ ಪರಿಶೀಲಿಸುವುದು ಆದುದರಿಂದ ಪ್ರಯೋಜನಕರವಾದೀತು.

ಮೊದಲಿಗೆ ಒಂದು ಭ್ರಮೆಯನ್ನು ಬಿಡಬೇಕು. ಹಿಂದಿನ ಕಾಲದ ಕೂಡುಕುಟುಂಬದಲ್ಲಿ ಮುದುಕರ ಸೇವೆ ತಾನೇ ತಾನಾಗಿ ನಡೆಯುತ್ತಿತ್ತು, ಹಣ ಕೊಟ್ಟು ಸೇವೆ ಕೊಳ್ಳುವ ದುರ್ಗತಿ ಈಗಿನದು, ಎಂದು ನಿಟ್ಟುಸಿರಿಡುವವರನ್ನು ನಾವು ಕೇಳಿದ್ದೇವೆ. ತಾನೇ ತಾನಾಗಿ ಏನೂ ನಡೆಯುತ್ತಿರಲಿಲ್ಲ. ಹಾಸಿಗೆ ಹಿಡಿದ ಅಜ್ಜನ ಮಲಮೂತ್ರಗಳನ್ನು ಬಳಿದವಳು ಸೊಸೆ. ರಾತ್ರಿಯೆಲ್ಲ ಎಚ್ಚರವಿದ್ದು ಗಂಜಿ ಕುಡಿಸಿದವಳು, ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿನ ಹಿತ್ತಿಲ ಕೋಣೆಯಲ್ಲಿ ಆಯುಷ್ಯ ಸವೆಸಿದ ಅತ್ತೆಯೋ ಚಿಕ್ಕಮ್ಮನೋ. ಅವರಿಗೆ ಸಂಬಳವಿರಲಿಲ್ಲ, ರಜೆಯಿರಲಿಲ್ಲ, ಒಲ್ಲೆನೆನ್ನುವ ಸ್ವಾತಂತ್ರ್ಯವಂತೂ ಇರಲೇ ಇಲ್ಲ. ಆ ವ್ಯವಸ್ಥೆ ಅಳಿದದ್ದಕ್ಕೆ ದುಃಖಪಡುವ ಕಾರಣವಿಲ್ಲ. ಅಂದು ಲೆಕ್ಕಕ್ಕೆ ಬಾರದಿದ್ದ ಆ ದುಡಿಮೆ ಇಂದು ಲೆಕ್ಕಕ್ಕೆ ಬರುವಾಗ, ಅದರ ಬೆಲೆಯನ್ನು ನ್ಯಾಯವಾಗಿ ಕಟ್ಟುವವರು ಯಾರು ಎಂಬುದೇ ಈಗಿನ ವಿಚಾರ.

ಮನೆಗೆ ದಾದಿಯನ್ನು ಕಳುಹಿಸುವ ಪದ್ಧತಿ ಪ್ರಪಂಚಕ್ಕೆ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಎಲಿಜಬೆತ್ ಫ್ರೈ ಎಂಬ ಮಹನೀಯೆ 1840ರಷ್ಟು ಹಿಂದೆಯೇ ಒಂದು ಸಂಸ್ಥೆ ಕಟ್ಟಿ, ತರಬೇತಾದ ಹೆಂಗಸರನ್ನು ರೋಗಿಗಳ ಮನೆಗಳಿಗೆ ಕಳುಹಿಸುತ್ತಿದ್ದಳು. ಲಿವರ್‌ಪೂಲಿನ ವರ್ತಕ ವಿಲಿಯಂ ರಾಥ್‌ಬೋನ್, ತನ್ನ ಪತ್ನಿಯ ಕೊನೆಗಾಲದಲ್ಲಿ ಆಕೆಯನ್ನು ನೋಡಿಕೊಂಡಿದ್ದ ಮೇರಿ ರಾಬಿನ್ಸನ್ ಎಂಬ ದಾದಿಯನ್ನೇ 1859ರಲ್ಲಿ ನಗರದ ಬಡವರ ಮನೆಗಳಿಗೆ ನಿಯೋಜಿಸಿದ. ಅಲ್ಲಿಂದ ಜಿಲ್ಲಾ ಶುಶ್ರೂಷೆಯೆಂಬ ದೊಡ್ಡ ವ್ಯವಸ್ಥೆ ಬೆಳೆಯಿತು. ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ತರಬೇತಿ ಶಾಲೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪ್ರಾರಂಭವಾದದ್ದು ಆ ನಿಯೋಜನೆಯ ಮರುವರ್ಷ. ಇವೆಲ್ಲ ಧರ್ಮಬುದ್ಧಿಯಿಂದ ಹೊರಟ ಕಾರ್ಯಗಳು. ಇವುಗಳ ಬೆನ್ನಿಗೇ, ದಾದಿಯರ ಹೆಸರು ಬರೆದಿಟ್ಟುಕೊಂಡು ಮನೆಗಳಿಗೂ ಆಸ್ಪತ್ರೆಗಳಿಗೂ ಒದಗಿಸಿ ಅವರ ಸಂಪಾದನೆಯಲ್ಲಿ ಪಾಲು ತೆಗೆದುಕೊಳ್ಳುವ ಮಧ್ಯಸ್ಥರೂ ಹುಟ್ಟಿದರು. ಅವರನ್ನು ಹದ್ದಿನಲ್ಲಿಡಲು ಬ್ರಿಟನ್ 1957ರಲ್ಲಿ ದಾದಿಯರ ಏಜೆನ್ಸಿಗಳಿಗೆಂದೇ ಪ್ರತ್ಯೇಕ ಶಾಸನ ಮಾಡಿತು. ಅದರಂತೆ ಏಜೆನ್ಸಿಗೆ ಲೈಸೆನ್ಸು ಬೇಕಾಗಿತ್ತು. ಪ್ರತಿಯೊಂದು ಪ್ರಸಂಗದಲ್ಲಿಯೂ ಯಾರನ್ನು ಕಳುಹಿಸಬೇಕೆಂಬ ಆಯ್ಕೆ ನೋಂದಾಯಿತ ದಾದಿಯಿಂದಲೋ ವೈದ್ಯನಿಂದಲೋ, ಇಲ್ಲವೆ ಅವರ ಮೇಲ್ವಿಚಾರಣೆಯಲ್ಲಿಯೋ ಆಗಬೇಕಾಗಿತ್ತು. ಈ ಎರಡನೆಯ ವಿಧಿ ನನಗೆ ಬಹು ಅರ್ಥಪೂರ್ಣವಾಗಿ ತೋರುತ್ತದೆ. ರೋಗಿಯ ಸ್ಥಿತಿಯನ್ನು ಬಲ್ಲವರೇ ಆಕೆಯ ಬಳಿ ಇರಬೇಕಾದವರನ್ನು ಆರಿಸಬೇಕು. ದೂರವಾಣಿಯ ಪಕ್ಕದಲ್ಲಿ ಕುಳಿತು, ಈ ಹೊತ್ತು ಖಾಲಿಯಿರುವವರು ಯಾರೆಂದು ಪಟ್ಟಿ ನೋಡಿ ಹೇಳುವುದು ಆಯ್ಕೆಯಾಗಲಾರದು. ಅಂಥ ವಿಧಿ ನಮ್ಮಲ್ಲಿಲ್ಲ. ಕಾನೂನು ಕೇಳದಿದ್ದರೂ ಅದನ್ನು ತಾವೇ ವಿಧಿಸಿಕೊಳ್ಳುವವರು ಮಾತ್ರ ಈ ಕೆಲಸಕ್ಕೆ ಕೈಹಾಕುವುದು ಮೇಲು.

ನಮ್ಮಲ್ಲಿ ಹೋಂ ನರ್ಸ್ ಎಂದು ಕರೆಯಲ್ಪಡುವವರಲ್ಲಿ ಬಹುಮಂದಿ ದಾದಿಯರಲ್ಲ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು, ಮೂರು ವರ್ಷದ ಜಿ.ಎನ್.ಎಂ. ಓದಿದವರು, ಎರಡು ವರ್ಷದ ಎ.ಎನ್.ಎಂ. ತರಬೇತಿ ಪಡೆದವರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತಾರೆ; 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯಿಂದ ಮೊದಲ್ಗೊಂಡು ಈ ವೃತ್ತಿಗೆ ಶಾಸನಬದ್ಧವಾದ ಮರ್ಯಾದೆಯೊಂದಿದೆ. ಆದರೆ ಅಡಿಕೆ ತೋಟದ ನಡುವಣ ಮನೆಗೆ ಬಂದು ಇಪ್ಪತ್ತನಾಲ್ಕು ಗಂಟೆ ಇರುವ ಹೆಂಗಸು ಸಾಮಾನ್ಯವಾಗಿ ಏಳನೆಯದೋ ಹತ್ತನೆಯದೋ ತರಗತಿಯವರೆಗೆ ಓದಿ, ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಕಾಲ ದುಡಿದು, ನೋಡಿ ನೋಡಿ ಕೆಲಸ ಕಲಿತವಳು. ಇದರಲ್ಲಿ ಅವಮಾನದ ಮಾತೇನೂ ಇಲ್ಲ. ಸ್ನಾನ ಮಾಡಿಸುವುದು, ಡಯಾಪರ್ ಬದಲಿಸುವುದು, ಕೈಹಿಡಿದು ನಡೆಸುವುದು, ಮರೆವಿನ ರೋಗದವರು ರಾತ್ರಿ ಬಾಗಿಲು ತೆಗೆದು ಹೊರಟುಬಿಡದಂತೆ ಕಾಯುವುದು, ಇವಕ್ಕೆ ಪದವಿ ಬೇಡ, ಅಭ್ಯಾಸವೂ ಅಂತಃಕರಣವೂ ಸಾಕು. ಅನ್ಯಾಯ ಪ್ರಾರಂಭವಾಗುವುದು, ಆಯಾ ಕೆಲಸ ಬಲ್ಲವಳನ್ನು ನರ್ಸ್ ಎಂದು ಹೇಳಿ ಕಳುಹಿಸಿ, ಮೂತ್ರದ ಕ್ಯಾಥೆಟರ್ ಬದಲಿಸುವುದನ್ನೂ, ಮೂಗಿನ ನಳಿಕೆಯಿಂದ ಆಹಾರ ಕೊಡುವುದನ್ನೂ, ಇನ್ಸುಲಿನ್ನಿನ ಪ್ರಮಾಣ ನಿರ್ಧರಿಸುವುದನ್ನೂ ಅವಳ ತಲೆಗೆ ಕಟ್ಟಿದಾಗ. ನಳಿಕೆ ಸರಿಯಾದ ಜಾಗದಲ್ಲಿಲ್ಲದೆ ಆಹಾರ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಊಟವಿಲ್ಲದ ಹೊತ್ತಿನಲ್ಲಿ ಇನ್ಸುಲಿನ್ ಹೋದರೂ ಹಾಗೆಯೇ. ಆಮೇಲೆ ಅಪರಾಧಿಯೆನಿಸುವವಳು ಆ ಹೆಂಗಸೇ ಹೊರತು ಕಳುಹಿಸಿದ ಏಜೆನ್ಸಿಯಲ್ಲ.

ಹೊಸನಗರದ ಕಡೆಯ ಒಂದು ಮನೆಯಲ್ಲಿ ನಾನು ನೋಡಿದ ದಿನಚರಿಯ ಪುಸ್ತಕವೊಂದು, ಈ ಕೆಲಸ ಚೆನ್ನಾಗಿ ನಡೆದರೆ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿಯಂತಿತ್ತು. ಶಾಲೆಯ ಮಕ್ಕಳು ಬಳಸುವ ಇನ್ನೂರು ಪುಟದ ನೋಟುಪುಸ್ತಕ. ಸ್ಕೇಲಿಟ್ಟು ಎಳೆದ ಗೆರೆಗಳು. ಮೊದಲ ಕಲಮಿನಲ್ಲಿ ಗಂಟೆ, ಎರಡನೆಯದರಲ್ಲಿ ಎಡ, ಅಂಗಾತ, ಬಲ ಎಂಬ ಮೂರೇ ಮಾತುಗಳು, ಎರಡೆರಡು ಗಂಟೆಗೊಮ್ಮೆ, ರಾತ್ರಿ ಒಂದು ಗಂಟೆಯದೂ ಮೂರು ಗಂಟೆಯದೂ ತಪ್ಪದೆ. ಮುಂದಿನ ಕಲಮುಗಳಲ್ಲಿ ಕುಡಿದ ಗಂಜಿ, ಚೀಲದಲ್ಲಿ ಸೇರಿದ ಮೂತ್ರದ ಅಳತೆ, ಮಾತ್ರೆ ಕೊಟ್ಟ ಗುರುತು. ಒಂದು ದಿನದ ಮುಂದೆ ಮಾತ್ರ, ಅಜ್ಜಿ ಬೆಳಿಗ್ಗೆ ಮಗನ ಹೆಸರು ಹೇಳಿದರು, ಎಂದು ಬರೆದಿತ್ತು. ವರ್ಷಕ್ಕೆ ಹತ್ತಿರವಾಗಿ ಹಾಸಿಗೆ ಹಿಡಿದಿದ್ದ ಆ ವೃದ್ಧೆಯ ಬೆನ್ನಿನಲ್ಲಿ ಒಂದೂ ಹುಣ್ಣಿರಲಿಲ್ಲ. ಹಾಸಿಗೆಹುಣ್ಣನ್ನು ಕಂಡವರಿಗೆ, ಚರ್ಮ ಮೊದಲು ಕೆಂಪಾಗಿ, ಕಪ್ಪಾಗಿ, ಕಡೆಗೆ ಎಲುಬು ಕಾಣುವಷ್ಟು ಆಳವಾಗುವುದನ್ನು ನೋಡಿದವರಿಗೆ, ಆ ಎಡ, ಅಂಗಾತ, ಬಲಗಳ ಬೆಲೆ ತಿಳಿಯುತ್ತದೆ. ಆ ಪುಸ್ತಕ ಬರೆದವಳು ಹತ್ತನೆಯ ತರಗತಿ ಪಾಸಾಗದ ಹೆಂಗಸು. ಹಾಗೆ ಬರೆಯಬೇಕೆಂದು ಆಕೆಗೆ ಕಲಿಸಿದವರು, ತಿಂಗಳಿಗೊಮ್ಮೆ ಬಂದು ಪುಸ್ತಕವನ್ನೂ ಬೆನ್ನನ್ನೂ ಪರೀಕ್ಷಿಸಿ ಹೋಗುತ್ತಿದ್ದ ಒಬ್ಬ ನಿವೃತ್ತ ಸ್ಟಾಫ್ ನರ್ಸ್. ಏಜೆನ್ಸಿಯೆಂದರೆ ಇರಬೇಕಾದದ್ದು ಈ ಎರಡನೆಯ ವ್ಯಕ್ತಿ.

ಮನೆಯವರು ಏಜೆನ್ಸಿಯಿಂದ ಕೊಳ್ಳುವುದು ಒಬ್ಬ ಮನುಷ್ಯಳನ್ನಲ್ಲ, ಒಂದು ಭರವಸೆಯನ್ನು: ಇವಳಿಗೆ ಜ್ವರ ಬಂದರೆ, ಇವಳ ಮಗಳಿಗೆ ಹೆರಿಗೆಯಾದರೆ, ಇನ್ನೊಬ್ಬಳು ಬಂದೇ ಬರುತ್ತಾಳೆ. ಹಣ ತೆಗೆದುಕೊಂಡ ಮೇಲೆ ‘ಜನ ಸಿಗ್ತಾ ಇಲ್ಲ, ಏನ್ ಮಾಡೋದು’ ಎನ್ನುವ ಸಂಸ್ಥೆ ಆ ಭರವಸೆಯನ್ನು ಮುರಿದಂತೆಯೇ. ಬದಲಿ ಕೊಡುವುದು ಎಷ್ಟು ಕಷ್ಟವೆಂಬುದನ್ನು ಲೆಕ್ಕ ಹಾಕಿದರೆ ತಿಳಿಯುತ್ತದೆ. ಹತ್ತು ಮನೆಗಳಿಗೆ ಹತ್ತು ಮಂದಿಯನ್ನು ಕಳುಹಿಸಿದ ಸಂಸ್ಥೆ, ಪ್ರತಿಯೊಬ್ಬರಿಗೂ ತಿಂಗಳಿಗೆ ನಾಲ್ಕು ದಿನ ರಜೆ ಕೊಡುವುದಾದರೆ, ನಲವತ್ತು ದಿನಗಳ ಕೆಲಸಕ್ಕೆ ಬೇರೆ ಜನರನ್ನು ಹುಡುಕಬೇಕು. ಎಂದರೆ ರಜೆಗಾಗಿಯೇ ಒಬ್ಬಳಿಗಿಂತ ಹೆಚ್ಚು. ಕಾಯಿಲೆ ಕಸಾಲೆಗಳನ್ನೂ ಸೇರಿಸಿದರೆ ಹತ್ತು ಜಾಗಕ್ಕೆ ಹನ್ನೆರಡು ಹದಿಮೂರು ಮಂದಿ ಇರಲೇಬೇಕು. ಮಲೆನಾಡಿನಲ್ಲಿ ಇದಕ್ಕೆ ಋತುಮಾನದ ತೊಡಕೂ ಕೂಡಿಕೊಳ್ಳುತ್ತದೆ. ಕೊನೆಕೊಯ್ಲು ಪ್ರಾರಂಭವಾಗಿ ಅಡಿಕೆ ಸುಲಿಯುವ ಕಾಲ ಬಂತೆಂದರೆ, ತನ್ನ ಮಕ್ಕಳೊಡನೆ ಮನೆಯಲ್ಲಿದ್ದುಕೊಂಡೇ ಸುಲಿದಷ್ಟಕ್ಕೆ ಕೂಲಿ ಎಣಿಸಬಲ್ಲ ಹೆಂಗಸು, ಪರರ ಮನೆಯಲ್ಲಿ ಹಗಲಿರುಳು ಬಂಧಿಯಾಗಿರಲು ಏಕೆ ಒಪ್ಪಬೇಕು? ದೀಪಾವಳಿಗೂ ಸಾಗರದ ಮಾರಿಜಾತ್ರೆಗೂ ಅವಳು ಊರಿಗೆ ಹೋಗಬಯಸಿದರೆ ಅದು ಅವಳ ನ್ಯಾಯವಾದ ಹಕ್ಕು. ಇದನ್ನು ಮೊದಲೇ ಎಣಿಸಿ, ಹಬ್ಬದ ವಾರಕ್ಕೆ ಮಕ್ಕಳೇ ಊರಿಗೆ ಬರುವಂತೆ ಮನೆಯವರೊಡನೆ ಮಾತಾಡಿಟ್ಟುಕೊಳ್ಳುವ ದೂರದೃಷ್ಟಿ ಏಜೆನ್ಸಿಗೆ ಬೇಕು.

ಹಣದ ವಿಷಯವನ್ನು ಬಿಚ್ಚಿ ಹೇಳುವುದೇ ಒಳ್ಳೆಯದು. ಮನೆಯವರು ತಿಂಗಳ ಕೊನೆಗೆ ಕೊಡುವವರು, ಕೆಲವರು ಇನ್ನೂ ತಡಮಾಡುವವರು. ಕೆಲಸದವಳಿಗೆ ಒಂದನೆಯ ತಾರೀಖಿಗೆ ಸಂಬಳ ಸೇರಬೇಕು. ಒಬ್ಬೊಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಎಂದು ಭಾವಿಸಿದರೆ ಹತ್ತು ಮಂದಿಗೆ ಎರಡು ಲಕ್ಷ. ಎರಡು ತಿಂಗಳ ಸಂಬಳವನ್ನಾದರೂ ಕೈಯಲ್ಲಿಟ್ಟುಕೊಳ್ಳದವನು ಈ ಕೆಲಸಕ್ಕೆ ಇಳಿಯಬಾರದು. ಈ ಬಂಡವಾಳವಿಲ್ಲದ ಏಜೆನ್ಸಿಗಳೇ, ಮನೆಯವರಿಂದ ನೋಂದಣಿ ಶುಲ್ಕವೆಂದು ಮುಂಗಡ ತೆಗೆದುಕೊಂಡು, ಕೆಲಸದವಳಿಂದ ಮೊದಲ ತಿಂಗಳ ಸಂಬಳದಲ್ಲಿ ಕಮಿಷನ್ ಹಿಡಿದು, ಎರಡೂ ಕಡೆ ಸುಲಿಯುವ ಮಾರ್ಗ ಹಿಡಿಯುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ಅಂಗೀಕರಿಸಿದ ಖಾಸಗಿ ಉದ್ಯೋಗ ಏಜೆನ್ಸಿಗಳ ಒಡಂಬಡಿಕೆಯಲ್ಲಿ, ಕೆಲಸ ಹುಡುಕಿಕೊಡುವುದಕ್ಕಾಗಿ ಕೆಲಸಗಾರರಿಂದ ಹಣ ಪಡೆಯಬಾರದೆಂಬುದು ಮುಖ್ಯ ನಿಯಮ. ಭಾರತ ಅದನ್ನು ಅನುಮೋದಿಸಿಲ್ಲವೆಂಬುದು ನಮ್ಮ ಏಜೆನ್ಸಿಗಳಿಗೆ ನೆಪವಾಗಬೇಕಾಗಿಲ್ಲ.

ಇದಕ್ಕಿಂತಲೂ ಮರ್ಮಸ್ಪರ್ಶಿಯಾದ ಲೆಕ್ಕ ಇನ್ನೊಂದಿದೆ. ವಾರಕ್ಕೆ ನೂರ ಅರವತ್ತೆಂಟು ಗಂಟೆಗಳು. ಕಾನೂನು ಒಪ್ಪುವ ವಾರದ ದುಡಿಮೆ ನಲವತ್ತೆಂಟು ಗಂಟೆ. ಆದ್ದರಿಂದ ಇಡೀ ಹಗಲಿರುಳು ರೋಗಿಯ ಬಳಿ ಒಬ್ಬರು ಎಚ್ಚರವಾಗಿರಬೇಕಾದರೆ ಮೂರೂವರೆ ಮಂದಿ ಬೇಕು. ನಾವು ಇಟ್ಟುಕೊಳ್ಳುವುದು ಒಬ್ಬಳನ್ನು. ರಾತ್ರಿ ಒಂದಕ್ಕೂ ಮೂರಕ್ಕೂ ಎದ್ದು ಅಜ್ಜಿಯ ಮಗ್ಗುಲು ಬದಲಿಸಿದವಳು ಬೆಳಿಗ್ಗೆ ಆರಕ್ಕೆ ಕಾಫಿ ಕೊಡಬೇಕೆಂದು ನಿರೀಕ್ಷಿಸುತ್ತೇವೆ. ಮಧ್ಯಾಹ್ನ ಅವಳು ಕಣ್ಣುಮುಚ್ಚಿದರೆ ಮಗ ದೂರದ ಊರಿನಿಂದ ಕ್ಯಾಮರಾದಲ್ಲಿ ನೋಡಿ ಏಜೆನ್ಸಿಗೆ ದೂರು ಕೊಡುತ್ತಾನೆ. ಮೂವರನ್ನು ಇಟ್ಟುಕೊಳ್ಳುವ ಶಕ್ತಿ ಬಹುತೇಕ ಮನೆಗಳಿಗಿಲ್ಲವೆಂಬುದು ಸತ್ಯ. ಆದರೂ ಹಗಲು ಇಂತಿಷ್ಟು ಗಂಟೆ ಅವಳ ವಿಶ್ರಾಂತಿಯದು, ಆ ಹೊತ್ತು ನೆರೆಮನೆಯವರೋ ಮನೆಗೆಲಸದವರೋ ರೋಗಿಯ ಬಳಿ ಇರತಕ್ಕದ್ದು, ಮನೆಯ ಅಡುಗೆ ಕಸ ಮುಸುರೆಗಳು ಅವಳ ಪಾಲಿನವಲ್ಲ ಎಂದು ಕರಾರಿನಲ್ಲಿ ಬರೆಯುವ ಶಕ್ತಿ ಏಜೆನ್ಸಿಗಿದೆ. ಅದಕ್ಕೆ ಒಪ್ಪದ ಮನೆಗೆ ಜನ ಕಳುಹಿಸುವುದಿಲ್ಲವೆನ್ನುವ ಧೈರ್ಯವೂ ಬೇಕು.

ಮನೆಯ ಒಳಗಿನ ಇನ್ನೊಂದು ವಿಷಯವನ್ನು ನಮ್ಮವರು ಮಾತಾಡಲು ಸಂಕೋಚಪಡುತ್ತಾರೆ. ಮಾತಾಡದಿದ್ದ ಮಾತ್ರಕ್ಕೆ ಅದು ಇಲ್ಲವಾಗದು. ಮಡಿಯ ಆಚಾರ ಇನ್ನೂ ಉಳಿದಿರುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿ ಸಾಕಷ್ಟಿವೆ. ಹಿರಿಯರ ಮೈಯನ್ನು ಒರೆಸಿ, ತೊಳೆದು, ಬಾಯಿಗೆ ತುತ್ತಿಡುವ ಕೈ ಅಡುಗೆಮನೆಯ ಹೊಸಿಲು ದಾಟಕೂಡದೆಂಬ ಕಟ್ಟಳೆ ಆ ಮನೆಗಳಲ್ಲಿ ಎಷ್ಟು ಸಹಜವಾಗಿ ನಡೆದುಹೋಗುತ್ತದೆಂದರೆ, ಅದರ ಕ್ರೌರ್ಯ ಮನೆಯವರಿಗೆ ಕಾಣುವುದೇ ಇಲ್ಲ. ಜಗಲಿಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಎಲ್ಲರ ಊಟವಾದ ಮೇಲೆ ತಣ್ಣಗಾದ ಅನ್ನ. ಏಜೆನ್ಸಿಗೆ ಕರೆ ಮಾಡುವವರು ಮೊದಲು ಕೇಳುವ ಪ್ರಶ್ನೆ ಅನುಭವದ್ದಲ್ಲ, ಜಾತಿಯದು. ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಸಂಸ್ಥೆ ಪ್ರಾರಂಭದ ದಿನವೇ ನಿರ್ಧರಿಸಬೇಕು. ವ್ಯಾಪಾರ ಸ್ವಲ್ಪ ಕುಗ್ಗೀತು. ಬೇರೆ ದಾರಿಯಿಲ್ಲದಾಗ ಕಟ್ಟುನಿಟ್ಟಿನ ಮನೆಗಳೂ ಒಪ್ಪುವುದನ್ನು ನಾವು ನೋಡಿಯೇ ಇದ್ದೇವೆ. ಕೆಲಸದವಳ ಮಾನರಕ್ಷಣೆಯ ಪ್ರಶ್ನೆಯೂ ಇಲ್ಲಿಯದೇ. ಒಂಟಿ ಗಂಡಸಿರುವ ಮನೆಗೆ, ಅವನೆಷ್ಟೇ ವೃದ್ಧನಾಗಿರಲಿ, ಹೆಂಗಸನ್ನು ಕಳುಹಿಸುವ ಮೊದಲು ಮನೆಯನ್ನು ಕಣ್ಣಾರೆ ನೋಡಿ ಬರಬೇಕು: ಅವಳು ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೆ, ಮೊಬೈಲಿಗೆ ಸಿಗ್ನಲ್ ಬರುತ್ತದೆಯೆ, ಹತ್ತಿರದ ಮನೆ ಎಷ್ಟು ದೂರ. ಪೊಲೀಸ್ ವೆರಿಫಿಕೇಶನ್ ಎಂದರೆ ಕೆಲಸದವಳದು ಮಾತ್ರವೆಂದು ತಿಳಿದಿರುವ ನಾವು, ಮನೆಯನ್ನೂ ಪರಿಶೀಲಿಸುವ ರೂಢಿ ಮಾಡಬೇಕು.

ಕಾನೂನಿನ ಸ್ಥಿತಿ ಸಮಾಧಾನಕರವಾಗಿಲ್ಲ. ಮನೆಯ ಗೇಟಿನಲ್ಲಿ ನಿಲ್ಲುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿ, 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಂತೆ ಲೈಸೆನ್ಸು ಪಡೆಯಬೇಕು, ಕಾವಲುಗಾರನಿಗೆ ತರಬೇತಿ ಕೊಡಬೇಕು. ಮಲಗುವ ಕೋಣೆಯೊಳಗೆ ಬಂದು ಮಾತು ನಿಂತುಹೋದ ರೋಗಿಯ ಪ್ರಾಣವನ್ನು ಕೈಯಲ್ಲಿ ಹಿಡಿಯುವವಳನ್ನು ಒದಗಿಸುವ ಏಜೆನ್ಸಿಗೆ ಅಂಥ ಕೇಂದ್ರ ಶಾಸನವಿಲ್ಲ. ಛತ್ತೀಸ್‌ಗಢ 2013ರಲ್ಲಿಯೂ ಜಾರ್ಖಂಡ್ 2016ರಲ್ಲಿಯೂ ಖಾಸಗಿ ಪ್ಲೇಸ್‌ಮೆಂಟ್ ಏಜೆನ್ಸಿಗಳನ್ನು ನಿಯಂತ್ರಿಸುವ ಕಾಯ್ದೆಗಳನ್ನು ತಂದದ್ದು, ಅಲ್ಲಿಯ ಆದಿವಾಸಿ ಹುಡುಗಿಯರು ಮನೆಗೆಲಸದ ಹೆಸರಿನಲ್ಲಿ ಮಹಾನಗರಗಳಿಗೆ ಸಾಗಿಸಲ್ಪಡುತ್ತಿದ್ದ ದಾರುಣ ಸ್ಥಿತಿಯಿಂದ. ಕರ್ನಾಟಕ 2004ರಷ್ಟು ಹಿಂದೆಯೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಮಾಡಿ ದೇಶಕ್ಕೆ ದಾರಿ ತೋರಿಸಿದ ರಾಜ್ಯಗಳಲ್ಲೊಂದು. ತರಬೇತಾದ ದಾದಿಯರ ಮಟ್ಟಿಗೆ, ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ನೇಮಕವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದೆಂದು ಶಿಫಾರಸು ಮಾಡಿತು. ಸಂಸ್ಥೆ ಬೆಳೆದು ಹತ್ತು ಮಂದಿಯಾದಾಗ ಇ.ಎಸ್.ಐ., ಇಪ್ಪತ್ತಾದಾಗ ಭವಿಷ್ಯನಿಧಿ, ಇವುಗಳ ಬಾಧ್ಯತೆ ಬರುತ್ತದೆ. ಇವರು ನಮ್ಮ ನೌಕರರಲ್ಲ, ನಾವು ಪರಿಚಯ ಮಾಡಿಸುವವರು ಮಾತ್ರ, ಎಂದು ಬರೆದುಕೊಟ್ಟು ಜಾರಿಕೊಳ್ಳುವ ಏಜೆನ್ಸಿಗಳುಂಟು. ಸಂಬಳ ತನ್ನ ಕೈಯಿಂದಲೇ ಹಂಚುತ್ತ, ರಜೆ ತಾನೇ ಮಂಜೂರು ಮಾಡುತ್ತ ಹೀಗೆನ್ನುವುದು ಸಲ್ಲದು. ತೆರಿಗೆಯ ವಿಷಯದಲ್ಲಿ ಆರೋಗ್ಯಸೇವೆಗೆ ಜಿ.ಎಸ್.ಟಿ. ವಿನಾಯಿತಿಯಿದೆ, ಜನ ಪೂರೈಕೆಗೆ ಇಲ್ಲ. ತಮ್ಮದು ಯಾವುದೆಂಬುದನ್ನು ಮೊದಲ ಬಿಲ್ಲು ಬರೆಯುವ ಮುನ್ನವೇ ಆಡಿಟರರಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಊರಿನ ಭೂಗೋಳವೂ ಈ ಉದ್ಯಮದಲ್ಲಿ ಪಾಲುದಾರನೇ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು, ಸಂಜೆಯ ಕೊನೆಯ ಲಾಂಚು ಹೋದ ಮೇಲೆ ರೋಗಿಯನ್ನು ಸಾಗರಕ್ಕೆ ತರುವುದು ಹೇಗೆಂದು ಅರವತ್ತು ವರ್ಷ ಕಳವಳಪಟ್ಟರು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ಸಂಚಾರಕ್ಕೆ ತೆರೆದ ಮೇಲೆ, ಸಾಗರದಲ್ಲಿರುವ ಮೇಲ್ವಿಚಾರಕಿ ದಾದಿ ಆ ಕಡೆಯ ಮನೆಗಳನ್ನು ನೋಡಿ ಅದೇ ದಿನ ಮರಳುವುದು ಸುಲಭವಾಯಿತು. ಹೊಸನಗರದ ನಗರ, ಮಾಸ್ತಿಕಟ್ಟೆಗಳ ಕಡೆಗೂ ತೀರ್ಥಹಳ್ಳಿಯ ಆಗುಂಬೆಯ ಮಗ್ಗುಲಿಗೂ ಈ ಮಾತು ಅನ್ವಯಿಸದು. ಅಲ್ಲಿ ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟು ಹೋದರೆ, ಆಮ್ಲಜನಕದ ಯಂತ್ರವಾಗಲಿ ಕಫ ತೆಗೆಯುವ ಯಂತ್ರವಾಗಲಿ ಕೆಲಸ ಮಾಡದು. ಅಂಥ ರೋಗಿಯನ್ನು ಮಳೆಗಾಲಕ್ಕೆ ಪೇಟೆಯ ಮನೆಗೆ ಸ್ಥಳಾಂತರಿಸಿರೆಂದು ಹೇಳುವ ವಿವೇಕವೂ ಏಜೆನ್ಸಿಯ ಕರ್ತವ್ಯದಲ್ಲಿ ಸೇರಿದೆ. ಬೇಸಗೆಗೆ ಮುಂಚಿನಿಂದಲೇ ಕಾಡಂಚಿನ ಮನೆಗಳಲ್ಲಿ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ರೋಗ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಜೀವ ತೆಗೆಯಿತೆಂಬುದನ್ನು ಇಲ್ಲಿಯವರು ಮರೆತಿಲ್ಲ. ಬೇರೆ ಜಿಲ್ಲೆಯಿಂದ ಬಂದ ಹುಡುಗಿಗೆ ಆ ರೋಗವನ್ನು ಹರಡುವ ಉಣ್ಣಿಯೆಂದರೇನು, ತೋಟಕ್ಕೆ ಹೋಗುವಾಗ ಮೈಗೆ ಯಾವ ಎಣ್ಣೆ ಹಚ್ಚಿಕೊಳ್ಳಬೇಕು ಎಂದು ಹೇಳಿಕೊಡದೆ ಕಳುಹಿಸುವುದು ಅಕ್ಷಮ್ಯ.

ಇಷ್ಟೆಲ್ಲ ಹೊಣೆಯನ್ನು ಹೊರತಕ್ಕ ಸಂಸ್ಥೆ ಯಾವ ರೂಪದ್ದಾಗಿರಬೇಕು? ಈಗಿರುವುದು ಹೆಚ್ಚಾಗಿ ಒಬ್ಬರ ಸ್ವಂತ ಏಜೆನ್ಸಿ. ನಡೆಸುವವರು ಸಜ್ಜನರಾಗಿದ್ದರೆ ಚೆನ್ನಾಗಿ ನಡೆಯುತ್ತದೆ. ಅವರಿಗೇ ಕಾಯಿಲೆಯಾದರೆ, ಬೇಸರವಾದರೆ, ಅಲ್ಲಿಗೆ ಮುಗಿಯಿತು. ಮಹಾನಗರಗಳ ದೊಡ್ಡ ಕಂಪನಿಗಳು ತರಬೇತಿ, ದಾಖಲೆ, ಬದಲಿ ಎಲ್ಲದರಲ್ಲಿಯೂ ಕ್ರಮಬದ್ಧವಾಗಿವೆಯಾದರೂ, ಕಣಿವೆಗೊಂದರಂತೆ ಚದುರಿದ ಮನೆಗಳಿರುವ ನಮ್ಮ ಕಡೆಗೆ ಅವು ಬರಲಾರವು. ಬಂದರೂ ಅವುಗಳ ದರ ಮಧ್ಯಮ ಹಿಡುವಳಿದಾರನ ಕೈಗೆಟುಕದು. ಆಸ್ಪತ್ರೆಗಳು ತಮ್ಮ ದಾದಿಯರನ್ನೇ ಮನೆಗೆ ಕಳುಹಿಸುವ ಪದ್ಧತಿ ಒಳ್ಳೆಯದು, ಆದರೆ ತಾಲ್ಲೂಕು ಕೇಂದ್ರದ ಆಸ್ಪತ್ರೆಗಳಿಗೆ ತಮ್ಮ ವಾರ್ಡುಗಳಿಗೇ ದಾದಿಯರು ಸಾಲುವುದಿಲ್ಲ. ಉಳಿಯುವುದು ಸಹಕಾರ ಸಂಘ. ನನ್ನ ಒಲವು ನಿಸ್ಸಂದೇಹವಾಗಿ ಆ ಕಡೆಗೆ.

ಈ ಒಲವಿಗೆ ಆಧಾರವಿಲ್ಲದೆ ಇಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡಾವಣೆಯಲ್ಲಿ 1985ರಲ್ಲಿ ಹನ್ನೆರಡು ಮಂದಿ ಹೋಂ ನರ್ಸುಗಳಿಂದ ಪ್ರಾರಂಭವಾದ ಸಹಕಾರಿ ಸಂಸ್ಥೆ, ಉಚಿತವಾಗಿ ತರಬೇತಿ ಕೊಟ್ಟು, ಕೆಲಸಗಾರರನ್ನೇ ಮಾಲೀಕರನ್ನಾಗಿಸಿ, ಅಮೆರಿಕದ ಅತಿ ದೊಡ್ಡ ಕಾರ್ಮಿಕ ಸಹಕಾರಿಯಾಗಿ ಬೆಳೆದಿದೆ. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ಸೇವಾ ಸಂಘಟನೆಯ ಆಶ್ರಯದಲ್ಲಿ ಆರೋಗ್ಯದ ಕೆಲಸವನ್ನೂ ಮನೆಯ ಆರೈಕೆಯ ಕೆಲಸವನ್ನೂ ಮಾಡುವ ಮಹಿಳೆಯರ ಸಹಕಾರಿಗಳಿವೆ. ನಮ್ಮ ನೆಲವೇ ಈ ವಿಷಯದಲ್ಲಿ ಬಂಜೆಯಲ್ಲ. ಅಡಿಕೆಯ ಮಧ್ಯವರ್ತಿಗಳ ಹಿಡಿತದಿಂದ ಬೆಳೆಗಾರನನ್ನು ಬಿಡಿಸಲು 1939ರಲ್ಲಿಯೇ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡವರು ಮಲೆನಾಡಿನವರು. ಹೆಗ್ಗೋಡಿಗೆ ಹತ್ತಿರದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರಿ, ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಯನ್ನು ತಾವೇ ನೇಯ್ದು, ತಾವೇ ಬಣ್ಣ ಹಾಕಿ, ನಾಡಿನ ಪೇಟೆಗೆ ತಲುಪಿಸಬಲ್ಲರೆಂದು ತೋರಿಸಿದೆ. ಬೆಳೆ ಮಾರುವುದಕ್ಕೂ ಬಟ್ಟೆ ನೇಯುವುದಕ್ಕೂ ಸಾಧ್ಯವಾದದ್ದು ರೋಗಿಯ ಆರೈಕೆಗೆ ಏಕೆ ಸಾಧ್ಯವಾಗಕೂಡದು? ಸಹಕಾರಿಯಲ್ಲಿ ಹೋಂ ನರ್ಸುಗಳೂ ಸದಸ್ಯರು, ಸೇವೆ ಪಡೆಯುವ ಕುಟುಂಬಗಳೂ ಸದಸ್ಯರು. ಉಳಿತಾಯ ಕಮಿಷನ್ನಾಗಿ ಹೊರಗೆ ಹರಿಯದೆ ತರಬೇತಿಗೂ ಬದಲಿಯವರ ಸಂಬಳಕ್ಕೂ ಮೀಸಲಾಗುತ್ತದೆ. ಎರಡು ತಿಂಗಳ ಸಂಬಳದ ಬಂಡವಾಳ ಊರಿನ ಸೊಸೈಟಿಗೆ ಭಾರವೇನಲ್ಲ. ಸಹಕಾರ ಸಂಘಗಳು ರಾಜಕೀಯದ ಅಖಾಡಗಳಾದದ್ದನ್ನು ನಾನು ಬಲ್ಲೆ. ಆ ಕಾರಣಕ್ಕೇ, ಯಾರನ್ನು ಯಾವ ಮನೆಗೆ ಕಳುಹಿಸಬೇಕೆಂಬ ಅಧಿಕಾರ ಆಡಳಿತ ಮಂಡಳಿಗಿರಬಾರದು, ನೋಂದಾಯಿತ ದಾದಿಯೊಬ್ಬಳ ಕೈಯಲ್ಲಿ ಮಾತ್ರ ಇರಬೇಕು ಎಂದು ಉಪನಿಯಮದಲ್ಲಿಯೇ ಬರೆಯತಕ್ಕದ್ದು.

ಹಣ ಕೊಡಲಾರದ ಮನೆಗಳ ಮಾತು ಉಳಿಯಿತು. ತೋಟದ ಮಾಲೀಕನಿಗೆ ಮುಪ್ಪು ಬರುವಂತೆ ಆ ತೋಟದಲ್ಲಿ ದುಡಿದವನಿಗೂ ಬರುತ್ತದೆ. ಅವನ ಗುಡಿಸಲಿಗೆ ಯಾವ ಏಜೆನ್ಸಿಯೂ ಹೋಗುವುದಿಲ್ಲ. ಕೇರಳ 2008ರಲ್ಲಿಯೇ ಉಪಶಾಮಕ ಆರೈಕೆಯ ನೀತಿಯನ್ನು ಘೋಷಿಸಿ, ಪಂಚಾಯಿತಿಗಳ ಮೂಲಕ ದಾದಿಯರನ್ನು ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಕಳುಹಿಸುತ್ತಿದೆ. ಅದು ಸರ್ಕಾರದ ಕೆಲಸ, ಖಾಸಗಿ ಸಂಸ್ಥೆಯ ಮೇಲೆ ಹೊರಿಸತಕ್ಕದ್ದಲ್ಲ. ಆದರೂ ಮೇಲ್ವಿಚಾರಕಿ ದಾದಿ ಒಂದು ಮನೆಗೆ ಹೋದಾಗ ಪಕ್ಕದ ಕೇರಿಯ ಒಬ್ಬ ರೋಗಿಯ ಬೆನ್ನನ್ನೂ ನೋಡಿ ಬರುವುದು ಸಹಕಾರಿಗೆ ಅಸಾಧ್ಯವಾದ ಔದಾರ್ಯವಲ್ಲ.

ಸ್ವಂತ ಏಜೆನ್ಸಿ ತೆರೆಯಲು ಹೊರಟಿರುವ ತರುಣರಿಗೆ ನಾನು ಹೇಳಬಯಸುವುದಿಷ್ಟೆ. ಮೂರು ಮನೆಗಳಿಂದ ಪ್ರಾರಂಭಿಸಿರಿ. ಮೂರು ಮನೆಗೆ ನಾಲ್ವರನ್ನು ಸಿದ್ಧಪಡಿಸುವವರೆಗೆ ನಾಲ್ಕನೆಯ ಮನೆಯನ್ನು ಒಪ್ಪಬೇಡಿರಿ. ನಿಮ್ಮಲ್ಲಿ ಒಬ್ಬರಾದರೂ ನೋಂದಾಯಿತ ದಾದಿಯಾಗಿರಲಿ. ಕೆಲಸದವಳಿಂದ ಒಂದು ರೂಪಾಯಿಯನ್ನೂ ಹಿಡಿಯಬೇಡಿರಿ. ಇನ್ನು ನಮ್ಮ ಮೂರು ತಾಲ್ಲೂಕುಗಳ ಸಹಕಾರ ಸಂಘಗಳ ಸದಸ್ಯರಲ್ಲಿ ಒಂದು ವಿಜ್ಞಾಪನೆ: ಈ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಅಡಿಕೆಯ ದರ, ಸಾಲದ ಬಡ್ಡಿ, ಡಿವಿಡೆಂಡುಗಳ ಚರ್ಚೆ ಮುಗಿದ ಮೇಲೆ, ಮನೆಯ ಹಿರಿಯರ ಶುಶ್ರೂಷೆಗೆ ಸಂಘದ ವತಿಯಿಂದ ಒಂದು ವಿಭಾಗವನ್ನು ತೆರೆಯುವ ವಿಷಯವನ್ನು ಲಿಖಿತವಾಗಿ ಎತ್ತಿರಿ, ಮತ್ತು ಆ ಸಭೆಗೆ ಇಬ್ಬರು ಹೋಂ ನರ್ಸುಗಳನ್ನು ಕರೆದು ಅವರ ಮಾತನ್ನೂ ಕೇಳಿರಿ.